ಅರವತ್ನಾಲ್ಕರ ಲೈನು, ಏಳರ ಡಿಸ್ಕು

ಇಬ್ಬರೂ ಸುಳ್ಳು ಹೇಳಿರಲಿಲ್ಲ. ಅದಕ್ಕೇ ಆ ಜಗಳ ಅಷ್ಟು ದಿನ ಬಾಳಿತು. ಒಬ್ಬನಾದರೂ ಸುಳ್ಳನಾಗಿದ್ದರೆ ನಾನು ಒಂದೇ ಹೊತ್ತಿನಲ್ಲಿ ಹಿಡಿದು ಕೂರಿಸುತ್ತಿದ್ದೆ.

ಇದು ನೆನಪಾದದ್ದು ಮೊನ್ನೆ. ಮನೆಗೆ ಹೊಸ ಇಂಟರ್‌ನೆಟ್ ಹಾಕಲು ಬಂದವನು ನೂರರ ಸ್ಪೀಡು ಎಂದು ಹೇಳಿ ಹೋದ. ಸೊಸೆ ಸಿನಿಮಾ ಇಳಿಸಲು ಕುಳಿತರೆ ಹನ್ನೆರಡು ತೋರಿಸಿತು. ಮೋಸ ಎಂದು ಆಕೆ ಫೋನು ಹಚ್ಚಲು ಎದ್ದಳು. ಕಡಲೆ ಹಸನು ಮಾಡುತ್ತಿದ್ದ ನಾನು, ಮೊದಲು ಎಂಟರಿಂದ ಭಾಗಿಸು, ಆಮೇಲೆ ಬೈಯಿ ಎಂದೆ. ಆಕೆ ನನ್ನನ್ನು ನೋಡಿದ ರೀತಿ ನೀವು ನೋಡಬೇಕಿತ್ತು. ನಾನು ಓದಿದ್ದು ಮೂರನೆಯ ಇಯತ್ತೆ, ಅದೂ ಪೂರ್ತಿ ಅಲ್ಲ. ಆದರೆ ಈ ಒಂದು ಭಾಗಾಕಾರದಲ್ಲಿ ನನ್ನ ಮಗಳ ಮದುವೆ ಸಿಕ್ಕಿಬಿದ್ದಿತ್ತು. ಅಂಥದ್ದನ್ನು ಯಾರೂ ಮರೆಯುವುದಿಲ್ಲ.

ಆಗ ಮೂಡಲಗಿಯಲ್ಲಿ ಕಂಪ್ಯೂಟರ್ ಹೊಸದು. ನನ್ನ ಮಗ ಬಾಹುಬಲಿ ಬಸ್‌ಸ್ಟ್ಯಾಂಡಿನ ಎದುರು ಇಂಟರ್‌ನೆಟ್ ಅಂಗಡಿ ತೆರೆದ. ಅಂಗಡಿ ಅವನದು, ಕೆಲಸ ಮಾತ್ರ ತಂಗಿ ಸುಜಾತಾಳದು. ಬಿ.ಕಾಂ ಮುಗಿಸಿದವಳು, ಬೀಗದ ಕೈ ಕೂಡ ಅವಳ ಹತ್ತಿರವೇ ಇರುತ್ತಿತ್ತು. ಅವನು ಹಣದ ಗಲ್ಲೆಯ ಮುಂದೆ ಕುಳಿತು ಬಂದವರಿಗೆ ನಮಸ್ಕಾರ ಹೇಳುತ್ತಿದ್ದ. ಕಂಪ್ಯೂಟರಿನೊಳಗಿನ ಡಿಸ್ಕು ಮಿರಜದ ಯಾವುದೋ ಕಚೇರಿ ಮಾರಿದ ಹಳೆಯ ಮಾಲು. ಲಾಡಿಯಂಥ ಚಪ್ಪಟೆ ವೈರು, ತಿರುಗಿದರೆ ಗಿರಣಿಯ ಸದ್ದು. ಅಗ್ಗಕ್ಕೆ ಹೊಡೆದೆ ಎಂದು ಅವನಿಗೆ ಬಹಳ ಹೆಮ್ಮೆ.

ಲೈನು ಹಾಕಲು ಗೋಕಾಕದಿಂದ ಬಂದವನು ಅಶೋಕ. ಟೆಲಿಫೋನಿನಲ್ಲಿ ನೌಕರಿ, ಮನೆ ಹುಕ್ಕೇರಿಯಲ್ಲಿ. ನಮ್ಮ ಜೈನರ ಹುಡುಗನೇ. ಲೈನು ಸರಿಯಾಗಿದ್ದರೂ ಅದನ್ನು ನೋಡಲು ಮತ್ತೆ ಮತ್ತೆ ಬರತೊಡಗಿದಾಗ ನನಗೆ ತಿಳಿಯಿತು. ಅವನ ಮನೆಯವರೂ ಸುಜಾತಾಳನ್ನು ಕೇಳಿದರು. ತಾಟಿನಲ್ಲಿ ಒಂದು ಅಗಳೂ ಬಿಡದೆ ಉಣ್ಣುವ ಹುಡುಗ, ನನಗೆ ಅಷ್ಟೇ ಸಾಕಿತ್ತು.

ಬಾಹುಬಲಿಗೆ ಸಾಕಾಗಲಿಲ್ಲ. ಅಶೋಕ ಅರವತ್ನಾಲ್ಕರ ಲೈನು ಎಂದಿದ್ದ, ಫೈಲು ಡಿಸ್ಕಿಗೆ ಇಳಿಯುವಾಗ ಪರದೆ ಏಳು ತೋರಿಸುತ್ತಿತ್ತು.

"ಅರವತ್ನಾಲ್ಕು ಅಂತ ಹೇಳಿ ಏಳು ಕೊಡಾವ, ನಾಳಿ ನನ್ನ ತಂಗಿನ್ನ ಹೆಂಗ ನೋಡ್ಕೋತಾನವ್ವಾ?" ಎಂದ.

ಅಶೋಕನೂ ಬಗ್ಗಲಿಲ್ಲ. "ಲೈನ್ ಚಲೋ ಐತ್ರಿ. ನಿಮ್ಮ ಡಿಸ್ಕ್ ಮುದುಕ ಆಗೇತಿ, ನುಂಗಾಕ ಆಗವಲ್ದು."

ಮಿರಜದ ಮಾಲಿಗೆ ಮುದುಕ ಎಂದದ್ದು ನನ್ನ ಮಗನ ಎದೆಗೆ ನಾಟಿತು. ಈ ಸಂಬಂಧವೇ ಬೇಡ ಎಂದುಬಿಟ್ಟ. ಹುಕ್ಕೇರಿಯವರು ನಮ್ಮ ಮಾತಿಗೆ ಕಾಯುತ್ತಿದ್ದರು.

ಒಂದು ರವಿವಾರ ಅಶೋಕನನ್ನು ಅಂಗಡಿಗೆ ಕರೆಸಿದೆ. ನನ್ನ ಕಣ್ಣೆದುರೇ ತೋರಿಸಿ ಎಂದೆ. ಸುಜಾತಾ ಒಂದು ಫೈಲನ್ನು ಲೈನಿನಿಂದ ಇಳಿಸಿದಳು. ಅಷ್ಟರಲ್ಲಿ ನಾನು ಮೂಲೆಯ ಸ್ಟೋವಿನ ಮೇಲೆ ಚಹಾ ಕುದಿಸಿದೆ. ಅದೇ ಫೈಲನ್ನು ಫ್ಲಾಪಿಗೆ ತುಂಬಿ, ಅಲ್ಲಿಂದ ಮತ್ತೆ ಡಿಸ್ಕಿಗೆ ಹಾಕಿದಳು. ಚಹಾ ಸೋಸುವಷ್ಟರಲ್ಲಿ ಮುಗಿದಿತ್ತು. ಅಂದರೆ ಮುದುಕನಿಗೆ ಹಲ್ಲು ಗಟ್ಟಿಯೇ ಇದ್ದವು. ಬಾಹುಬಲಿ ನೋಡಿದಿಯಾ ಎಂಬಂತೆ ನನ್ನ ಕಡೆ ತಿರುಗಿದ. ಅಶೋಕನ ಮುಖ ಸಣ್ಣದಾಯಿತು.

ಆಗ ಸುಜಾತಾ, ನನ್ನೆದುರು ಎಂದೂ ಅವನೊಡನೆ ಮಾತಾಡದಿದ್ದವಳು, ನೇರ ಕೇಳಿದಳು: "ನಿಮ್ಮ ಅರವತ್ನಾಲ್ಕು ಯಾವ ಲೆಕ್ಕದ್ರಿ?"

"ಬಿಟ್ ಲೆಕ್ಕರಿ. ಟೆಲಿಫೋನಿನ್ಯಾಗ ಎಲ್ಲಾ ಅದರಾಗ."

"ಡಿಸ್ಕ್ ಬೈಟ್ ಲೆಕ್ಕ ತೋರಸ್ತೈತಿ. ಎಂಟು ಬಿಟ್ ಕೂಡಿದ್ರ ಒಂದು ಬೈಟ್."

ಟೆಲಿಫೋನಿನವನಿಗೆ ಡಿಸ್ಕು ಗೊತ್ತಿರಲಿಲ್ಲ, ನನ್ನ ಮಗನಿಗೆ ಎರಡೂ ಗೊತ್ತಿರಲಿಲ್ಲ. ನಮ್ಮ ಯಜಮಾನರು ಇದ್ದಾಗ ಬೆಲ್ಲ ಮಾರುತ್ತಿದ್ದರು. ಗಾಣದವನು ಪೆಂಟಿ, ಅಂದರೆ ಬೆಲ್ಲದ ಉಂಡೆ, ಎಣಿಸುತ್ತಿದ್ದ, ಪೇಟೆಯವನು ಕಿಲೋ ತೂಗುತ್ತಿದ್ದ. ಅದಕ್ಕಾಗಿ ಯಾರೂ ಹೆಣ್ಣು ಕೊಡುವುದನ್ನು ನಿಲ್ಲಿಸಿರಲಿಲ್ಲ.

ಹಾಗಿದ್ದರೆ ಅರವತ್ನಾಲ್ಕಕ್ಕೆ ಎಂಟು ಬರಬೇಕಲ್ಲ, ಒಂದು ಎಲ್ಲಿ ಹೋಯಿತು ಎಂದು ಬಾಹುಬಲಿ ಕೊನೆಯ ಕೊಂಡಿ ಹಿಡಿದ. ಲೈನಿನಲ್ಲಿ ಎಲ್ಲವೂ ಸಣ್ಣ ಸಣ್ಣ ಗಂಟಾಗಿ ಬರುತ್ತದೆ, ಪ್ರತಿ ಗಂಟಿನ ಮೇಲೂ ವಿಳಾಸ ಇರುತ್ತದೆ, ಅದಕ್ಕೂ ಜಾಗ ಬೇಕು ಎಂದು ಅಶೋಕ ಬಿಡಿಸಿ ಹೇಳಿದ. ಬಾರದಾನ ಎಂದೆ ನಾನು. ಚೀಲದ ತೂಕ ಕಳೆಯದೆ ಯಾವ ಪೇಟೆಯಲ್ಲಿ ಮಾಲು ತೂಗುತ್ತಾರೆ?

ಲೆಕ್ಕ ಮುಗಿಯಿತು. ಆದರೆ ನನ್ನ ಮಗ, ಹುಕ್ಕೇರಿ ದೂರ ಆಯಿತು ಎಂದ. ಅವರ ಮನೆ ಇಕ್ಕಟ್ಟು ಎಂದ. ಅಲ್ಲಿಗೆ ನನಗೆ ಹೊಳೆಯಿತು.

"ಲೆಕ್ಕ ಸರಿ ಬಂತಲ್ಲೋ. ಮಾರಿ ಯಾಕ ಇನ್ನೂ ಹಂಗ ಐತಿ?"

ಅವನು ಗಲ್ಲೆಯ ಮುಚ್ಚಳ ತೆರೆದು ಮುಚ್ಚಿದ. "ಆಕಿ ಹೋದ್ರ ಅಂಗಡಿ ಯಾರ ನೋಡ್ಬೇಕವ್ವಾ? ನನಗೇನೂ ಬರೂದಿಲ್ಲ."

ಸುಜಾತಾ ಪರದೆಯ ಕಡೆ ಮುಖ ತಿರುಗಿಸಿದಳು. ಅಶೋಕ ಚಹಾದ ಕಪ್ಪು ಕೆಳಗಿಟ್ಟ. ಮಗನ ಮೇಲೆ ನನಗೆ ಕನಿಕರ ಬರಲಿಲ್ಲ ಎಂದರೆ ಸುಳ್ಳಾದೀತು. ಬಂತು, ಆದರೆ ಅದರ ಬೆಲೆಯನ್ನು ಮಗಳ ಕೈಯಿಂದ ಕೊಡಿಸುವಂತಿರಲಿಲ್ಲ.

"ಅಂಗಡಿ ನಿಂದು," ಎಂದೆ. "ತಂಗಿ ನಿನ್ನ ಅಂಗಡಿ ಸಾಮಾನಲ್ಲ. ಬರದಿದ್ರ ಕಲಿ."

ಸುಜಾತಾಳನ್ನು ಒಪ್ಪಿಗೆಯೇ ಎಂದು ಕೇಳಿದೆ. ಹೂಂ ಎಂದಳು, ಅಣ್ಣನಿಗೆ ಕೇಳಿಸುವಷ್ಟು ಜೋರಾಗಿ.

ಮರುದಿನ ಬೆಳಿಗ್ಗೆ ಅವಳಿಂದ ಬೀಗದ ಕೈ ಇಸಿದುಕೊಂಡು ಬಾಹುಬಲಿಯ ದಿಂಬಿನ ಬಾಜೂ ಇಟ್ಟೆ. ಮಾತು ಕೊಡಲು ಹೋಗುವಾಗ ಒಯ್ಯುವ ಸಕ್ಕರೆ, ತೆಂಗಿನಕಾಯಿ ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ಹುಕ್ಕೇರಿಯ ಬಸ್ಸು ಹೊರಡುವ ಹೊತ್ತಿಗೆ ಎದುರಿನ ಅಂಗಡಿಯ ಷಟರ್ ಅರ್ಧಕ್ಕೇ ಸಿಕ್ಕಿಕೊಂಡಿತ್ತು. ನನ್ನ ಮಗ ಅದಕ್ಕೆ ಹೆಗಲು ಕೊಟ್ಟು ಎತ್ತುತ್ತಿದ್ದ. ನಾನು ಇಳಿಯಲಿಲ್ಲ.