ಕವಡೆ, ಬೆಂಕಿಪೊಟ್ಟಣ ಮತ್ತು ಬೋಗಾದಿಯ ನಾಲ್ಕನೇ ತರಗತಿ

ನಾಲ್ಕು ಕವಡೆಗಳಲ್ಲಿ ಎಷ್ಟು ಅಂಗಾತ ಬೀಳುತ್ತವೆಂದು ಮೊದಲು ಊಹಿಸಿ ಬರೆಯಿರಿ, ಆಮೇಲೆ ಎಸೆದು ಬಿದ್ದದ್ದನ್ನು ಬರೆಯಿರಿ ಎಂದಿದ್ದೆ. ಇಡೀ ತರಗತಿಯಲ್ಲಿ ಒಬ್ಬರ ಊಹೆಯೂ ತಪ್ಪಿರಲಿಲ್ಲ! ಗದಗಿನ ಸಂತೆಯಲ್ಲಿ ಬಳೆ ಮಾರಿ ಓದಿದವಳು ನಾನು. ಎಲ್ಲವೂ ಸರಿಯಾಗಿದೆ ಎಂದರೆ ಮೊದಲು ತಕ್ಕಡಿಯ ತಳ ನೋಡುತ್ತೇನೆ. ಪುಸ್ತಕ ಬೆಳಕಿಗೆ ಹಿಡಿದೆ. ‘ಬಿದ್ದದ್ದು’ ಎಂಬ ಸಾಲಿನ ತುಂಬ ರಬ್ಬರು ಉಜ್ಜಿದ ಗುರುತು.

“ಯಾಕೆ ಅಳಿಸಿದ್ರಿ?”

“ತಪ್ಪಾಗಿತ್ತು ಮಿಸ್, ಸರಿ ಮಾಡ್ದೆ” ಎಂದಳು ಅನಿಟಾ, ಬಹಳ ವಿನಯದಿಂದ.

ನಮ್ಮ ಕಡೆಯ ಹುಡುಗರಾದರೆ ಕವಡೆ ಅಂಗಾತವೋ ಬೋರಲೋ ಎಂದು ಕೊರಳಪಟ್ಟಿ ಹಿಡಿಯುತ್ತಾರೆ. ಇಲ್ಲಿಯವರು ಮಿಸ್‌ಗೆ ಬೇಸರವಾಗದಂತೆ ಬಿದ್ದದ್ದನ್ನೇ ತಿದ್ದುತ್ತಾರೆ. ಮೈಸೂರಿನ ಮರ್ಯಾದೆ ಏನೆಂದು ಅಂದು ಗೊತ್ತಾಯಿತು.

ಇಲ್ಲಿಗೆ ಬರುವವರಿಗೆ ಒಂದು ಮಾತು: ಮಾರುಕಟ್ಟೆಯಲ್ಲಿ ಗಂಟಲೇರಿಸಬೇಡಿ. ಗದಗಿನಲ್ಲಿ ಜಗಳವಾಡಿದಷ್ಟೂ ಬೆಲೆ ಇಳಿಯುತ್ತದೆ, ಕೊನೆಗೆ ಚಹಾವೂ ಸಿಗುತ್ತದೆ. ಇಲ್ಲಿ “ಬ್ಯಾಡಾಂದ್ರೆ ಬುಡಿ ಮೇಡಂ” ಎಂದು ನಗುತ್ತಲೇ ಸೊಪ್ಪಿಗೆ ನೀರು ಚಿಮುಕಿಸುತ್ತಾರೆ. ‘ಬುಡಿ’ ಎಂದರೆ ಬಿಡಿ. ಮಾತು ಮುಗಿಯಿತೆಂದೇ ತಿಳಿಯಿರಿ. ಮನೆ ಹಿಡಿಯುವಾಗಲೂ ಬಾಡಿಗೆಯನ್ನು ಜಗ್ಗಬೇಡಿ, ಜೊತೆಗೆ ಸಣ್ಣ ಅನುಕೂಲವೇನನ್ನಾದರೂ ಕೇಳಿ. ಮನೆಯೊಡತಿ ಸ್ಟೆಲ್ಲಾ ಆಂಟಿಯಿಂದ, ಮೆಣಸಿನಕಾಯಿ ಒಣಗಿಸಲು ತಾರಸಿಯ ಬಿಸಿಲಿನ ಮೂಲೆಯನ್ನು ನಾನು ಗಿಟ್ಟಿಸಿದ್ದು ಹಾಗೆ.

ಅನಿಟಾ ಈ ಆಂಟಿಯ ಮೊಮ್ಮಗಳು. ಭಾನುವಾರ ಚರ್ಚಿನಿಂದ ಬಂದವರೇ ಆಂಟಿ ಚೌಕಾಬಾರ ಆಡಲು ಕೂರುತ್ತಾರೆ. ನಾಲ್ಕೂ ಕವಡೆ ಬೋರಲು ಬಿದ್ದರೆ ‘ಬಾರ’, ಎಂಟು ಮನೆ ಮುಂದೆ. “ಬಾರ ನನ್ ಕೈ ಮಾತು ಕೇಳ್ತದೆ ಕಣಮ್ಮ” ಎನ್ನುವುದು ಅವರ ಹೆಮ್ಮೆ. ಮಹಡಿಯಲ್ಲಿ ಒಬ್ಬಳೇ ರೊಟ್ಟಿ ಬಡಿಯುವಾಗ ಕೆಳಗಿನ ಆ ಸದ್ದೇ ನನಗೆ ಜೊತೆ. ಪಾಠಕ್ಕೆ ಕವಡೆ ತಂದದ್ದೂ ಅವರಿಂದಲೇ.

ಅದೇ ಮುಳುವಾಯಿತು. ಶಾಲೆಯಲ್ಲಿ ಜೂಜು ಕಲಿಸುತ್ತಾರೆಂದು ಒಬ್ಬ ತಂದೆ ದೂರಿದರು. ನನ್ನದು ಇನ್ನೂ ಕಾಯಂ ಆಗದ ಕೆಲಸ. ಹೆಡ್‌ಮೇಡಂ ಮೃದುವಾಗಿಯೇ ಹೇಳಿದರು: “ಶನಿವಾರ ಪೋಷಕರ ಮುಂದೇನೇ ಪಾಠ ಮಾಡ್ಬುಡಿ. ಅವರು ಒಪ್ಪಿದ್ರೆ ಮುಂದಿನ ವರ್ಷಾನೂ ಇರ್ತೀರಿ. ಇಲ್ದಿದ್ರೆ ಕಷ್ಟ ಕಣ್ರೀ.”

ದೂರಿಗೆ ನಾನು ಹೆದರಲಿಲ್ಲ, ಹೆದರಿದ್ದು ರಬ್ಬರಿಗೆ. ಪೆನ್ಸಿಲ್ ಎತ್ತಿಡಿಸಿ ಖಾಲಿ ಬೆಂಕಿಪೊಟ್ಟಣ ತರಿಸಿದೆ. ಪ್ರತಿ ಎಸೆತಕ್ಕೂ ಎಷ್ಟು ಅಂಗಾತ ಬಿದ್ದವೋ ಆ ಸಂಖ್ಯೆಯ ಸಾಲಿನಲ್ಲಿ ಒಂದು ಪೊಟ್ಟಣ ಪೇರಿಸುವುದು; ನೋಡನೋಡುತ್ತ ಕಂಬಗಳೆದ್ದು ಗ್ರಾಫ್ ಆಗುತ್ತದೆ. ಸಂತೆಯ ನಿಯಮವೊಂದನ್ನೂ ಸೇರಿಸಿದೆ: ಎಸೆದವರು ಎಣಿಸುವಂತಿಲ್ಲ, ಎದುರಿನವರೇ ಎಣಿಸಬೇಕು.

ಶನಿವಾರ ಎಸೆಯಲು ಕೂತವರು ಸ್ಟೆಲ್ಲಾ ಆಂಟಿ, ಎಣಿಸಲು ಅನಿಟಾ. ದೂರು ಕೊಟ್ಟ ತಂದೆ ಮುಂದಿನ ಬೆಂಚಿನಲ್ಲೇ ಕೈಕಟ್ಟಿ ಕೂತಿದ್ದರು. ‘ಎರಡ’ರ ಕಂಬ ಏರುತ್ತಲೇ ಹೋಯಿತು. ‘ಬಾರ’ದ್ದು ನೆಲ ಬಿಟ್ಟು ಏಳಲಿಲ್ಲ.

“ಫ್ಯಾನ್ ಗಾಳಿ ಕಣ್ರೀ” ಎಂದರು ಆಂಟಿ. ಫ್ಯಾನ್ ಆರಿಸಿದರೂ ಅಷ್ಟೇ. ಮೊಮ್ಮಗಳ ಕಡೆ ಬಾಗಿದರು. “ಒಂದು ಪೊಟ್ಣ ಅಲ್ಲಿಟ್ಬುಡೇ, ಯಾರ್ ನೋಡ್ತಾರೆ?”

ಅನಿಟಾ ಅಜ್ಜಿಯನ್ನು ನೋಡಿದಳು, ನನ್ನನ್ನು ನೋಡಿದಳು. ನನ್ನ ಕೆಲಸ ಆ ಹುಡುಗಿಯ ಬೆರಳ ತುದಿಯಲ್ಲಿತ್ತು.

“ಬಿದ್ದಿಲ್ವಲ್ಲಜ್ಜಿ. ಬೀಳ್ದೇ ಎಂಗಿಡ್ಲಿ?”

“ನನ್ ಮೊಮ್ಮಗಳಾ ನೀನು, ಪೊಲೀಸಾ?”

ತರಗತಿ ಗೊಳ್ಳೆಂದಿತು. ಮುಂದಿನ ಬೆಂಚಿನಲ್ಲಿ ಕಟ್ಟಿದ ಕೈ ಬಿಚ್ಚಿತು. “ಮಿಸ್, ನಮ್ಮ ಭಾವಮೈದನಿಗೂ ಈ ಪಾಠ ಮಾಡಿ. ಇಸ್ಪೀಟೆಲೆ ತನ್ ಮಾತು ಕೇಳ್ತದೆ ಅಂತ ನಂಬಿ ಕೂತವ್ನೆ.”

ಹೊರಡುವಾಗ ಹೆಡ್‌ಮೇಡಂ ಅಂದರು: “ಮುಂದಿನ ವರ್ಷಕ್ಕೂ ಕವಡೆ ಜೋಪಾನವಾಗಿಟ್ಕೊಳ್ಳಿ.”

ಸೋಮವಾರ ಮಕ್ಕಳೇ ಹೊಸ ಗ್ರಾಫ್ ಶುರು ಮಾಡಿದ್ದರು: ಯಾರದು ಯಾವ ಊರು? ಒಂದು ಕಂಬ ಮೈಸೂರು, ಇನ್ನೊಂದು ಬೇರೆ ಊರು. ನನ್ನ ಕೈಗೂ ಒಂದು ಪೊಟ್ಟಣ ಬಂತು. ಎರಡರ ನಡುವೆ ಇಡಹೋದೆ.

“ಅಲ್ಲಿ ಸಾಲೇ ಇಲ್ಲ ಮಿಸ್” ಎಂದಳು ಅನಿಟಾ.

“ಅರ್ಧ ಅಲ್ಲಿ, ಅರ್ಧ ಇಲ್ಲಿ?” ಚೌಕಾಸಿಗಿಳಿದೆ.

“ಪೊಟ್ಣ ಮುರಿಯಂಗಿಲ್ಲ.”

‘ಬೇರೆ ಊರು’ ಸಾಲಿನ ಮೇಲಿಟ್ಟೆ. ಇದ್ದದ್ದನ್ನು ಇದ್ದ ಹಾಗೇ ಇಟ್ಟೆನೆಂದು ಮನಸ್ಸಿಗೆ ಹಿತವೆನಿಸಿತು. ಅನಿಟಾಳಿಗೆ ಮಾತ್ರ ಹಾಗೆನಿಸಲಿಲ್ಲ.

“ಮುಂದಿನ್ ವರ್ಷಾನೂ ಅಲ್ಲೇ ಇಡ್ತೀರಾ ಮಿಸ್?”

“ಊಹಿಸಿ ಬರೆದಿಟ್ಕೋ” ಎಂದೆ. “ಪೆನ್ನಲ್ಲಿ.”