ಮಾಳಪ್ಪನ ಕಂಬಳಿ ಮುಟ್ಟಿಸಲು ಹೋದದ್ದು

ನಾರಾಯಣಖೇಡದಿಂದ ಬೆಳಗಿನ ಆರು ಗಂಟೆಯ ಬಸ್ಸು ಹಿಡಿದೆ. ಆಧಾರ್ ತೋರಿಸಿದೆ, ಕಂಡಕ್ಟರ್ ಸೊನ್ನೆ ಟಿಕೇಟು ಕೊಟ್ಟ. ನಮ್ಮ ಕಡೆ ಈಗ ಹೆಂಗಸರಿಗೆ ಹೀಗೆ. ತೊಡೆಯ ಮೇಲೆ ಒಂದು ಚೀಲ. ಅದರಲ್ಲಿ ಒಗೆದು ಮಡಿಸಿದ ಕರಿ ಕಂಬಳಿ, ಒಂದು ಡಬ್ಬಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ.

ಕಂಬಳಿ ಮಾಳಪ್ಪನದು. ನನ್ನ ಗಂಡ ತಾಂಡೂರಿನ ಹತ್ತಿರ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದರು. ಮಾಳಪ್ಪ ಅವರ ಜೋಡಿ ಕೂಲಿ. ಎರಡು ತಿಂಗಳ ಹಿಂದೆ ಗಣಿಯ ಅಂಚು ಕುಸಿದು ಗಂಡ ಕಲ್ಲಿನಡಿ ಸಿಕ್ಕರು. ಆಸ್ಪತ್ರೆಯ ಗಾಡಿ ಬರುವವರೆಗೆ ಒಂದು ತಾಸು ಉಸಿರಿತ್ತು. ಅಷ್ಟು ಹೊತ್ತೂ ಅವರ ತಲೆ ಮಾಳಪ್ಪನ ತೊಡೆಯ ಮೇಲಿತ್ತು, ಅವನ ಕೂಡ ಏನೋ ಮಾತಾಡುತ್ತಿದ್ದರು ಎಂದು ಉಳಿದ ಕೂಲಿಯವರು ಫೋನಿನಲ್ಲಿ ಹೇಳಿದ್ದರು. ನಾನು ಆಸ್ಪತ್ರೆ ಮುಟ್ಟಿದಾಗ ಮಾಳಪ್ಪ ಊರಿಗೆ ಹೋಗಿದ್ದ. ಹೆಣದ ಮೇಲೆ ಅವನ ಕಂಬಳಿ ಇತ್ತು. ಆ ಮಾತು ಏನೆಂದು ನನಗೆ ಕೇಳಬೇಕಿತ್ತು. ಕಂಬಳಿ ಬರೀ ನೆವ.

ಜಹೀರಾಬಾದಿನಲ್ಲಿ ಎರಡು ಇಡ್ಲಿ ತಿಂದು ತಾಂಡೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ತೊಗರಿ ಹೂ ಬಿಟ್ಟಿತ್ತು. ತಾಂಡೂರು ಹತ್ತಿರವಾದಂತೆ ಹೂವಿನ ಮೇಲೂ ಬಿಳಿ ಧೂಳು. ಅದೇ ಧೂಳು ಹದಿನೈದು ದಿನಕ್ಕೊಮ್ಮೆ ಗಂಡನ ಅಂಗಿಯಲ್ಲಿ ನಮ್ಮ ಮನೆಗೆ ಬರುತ್ತಿತ್ತು. ಹೊರಡುವಾಗ ಕಟಕ್ ರೊಟ್ಟಿ, ಹಿಂಡಿ ಕಟ್ಟಿಕೊಡುತ್ತಿದ್ದೆ. "ಹಿಂಡಿ ಜಾಸ್ತಿ ಹಾಕು, ಆ ಮಾಳ್ಯಾ ಅರ್ಧಾ ನೆಕ್ಕತಾನ" ಎಂದು ನಗುತ್ತಿದ್ದರು.

ತಾಂಡೂರಿನಿಂದ ಯಾಲಾಲ್ ಕಡೆ ಆಟೋ, ಮೂವತ್ತು ರೂಪಾಯಿ. ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಮಾಳಪ್ಪನದು ನಮ್ಮಂಥದೇ ಮನೆ. ತಗಡಿನ ಮಾಡು, ಮೂಲೆಯಲ್ಲಿ ರೇಷನ್ ಅಕ್ಕಿಯ ಚೀಲ. ಹೆಚ್ಚಿಗೆ ಇದ್ದದ್ದು ಬೇಲಿಯೊಳಗಿನ ಎಂಟು ಕುರಿ. ಅವನ ತಾಯಿ ಅವಕ್ಕೆ ಸೊಪ್ಪು ಹಾಕುತ್ತಿದ್ದಳು.

"ಯಾರವ್ವಾ? ಯಾವೂರಿಂದ ಬಂದಿ?"

ಹೇಳಿದೆ.

"ಯಾವ ಮಂದಿ?"

ಅದನ್ನೂ ಹೇಳಿದೆ. ನಾವು ಹೊಲೆಯರು, ಮಾವನ ಕಾಲಕ್ಕೆ ಬೌದ್ಧರಾದವರು. ಮುದುಕಿ ಹೊರಗಿನ ಕಟ್ಟೆ ತೋರಿಸಿದಳು. "ಅಲ್ಲೇ ಕೂಡು ತಾಯಿ, ಬಿಸಲಾಗ ಬಂದಿ. ನಿನ್ನ ಗಂಡನ ಸುದ್ದಿ ಕೇಳಿ ಭಾಳ ಮರಗಿದೆ." ಆ ಮಾತು ಸುಳ್ಳಾಗಿರಲಿಲ್ಲ. ಚಹಾ ಬಂತು, ಅವರಿಗೆ ಸ್ಟೀಲಿನ ಲೋಟ, ನನಗೆ ಕಾಗದದ ಕಪ್ಪು.

ಮಾಳಪ್ಪ ಒಳಗಿಂದ ಬಂದು ಕೈ ಮುಗಿದ. ಕಣ್ಣು ತುಂಬಿದ್ದವು. "ಅಕ್ಕಾ, ಅಣ್ಣ ಅವತ್ತ..." ಎಂದು ಶುರುಮಾಡಿದ. ಆಗಲೇ ನಾನು ತಪ್ಪು ಮಾಡಿದೆ. ಖುಷಿಪಟ್ಟಾರು ಎಂದು ಡಬ್ಬಿ ತೆಗೆದು ತಾಯಿಗೆ ಚಾಚಿದೆ.

"ತಗೋರಿ ಯವ್ವಾ, ನಿಮ್ಮ ಮಗಗ ಭಾಳ ಸೇರತದ. ನಾಕು ವರ್ಷ ಇಬ್ಬರೂ ಒಂದೇ ಗಂಗಾಳದಾಗ ಉಂಡಾರ."

ಮುದುಕಿಯ ಕೈ ಸೊಪ್ಪಿನಲ್ಲೇ ನಿಂತಿತು. ಅವರು ಕುರುಬರು, ಬೀರದೇವರ ಪೂಜೆ ಮಾಡುವ ಮನೆ. ಅದು ನನಗೆ ಗೊತ್ತಿರಲಿಲ್ಲ.

"ಏನೋ ಮಾಳ್ಯಾ, ಇವ್ರ ಗಂಗಾಳದಾಗ ಉಂಡೀ? ಉಂಡು ಬಂದು ದೇವ್ರ ಮುಟ್ಟೀ?"

"ಇಲ್ಲ ಯವ್ವಾ."

"ಮತ್ತ ಈಕಿ ಸುಳ್ಳು ಹೇಳಾಕ ಅಷ್ಟು ದೂರದಿಂದ ಬಂದಾಳೇನು?"

ಪಕ್ಕದ ಮನೆಯವನೊಬ್ಬ ಬೇಲಿಗೆ ಆತು ನಿಂತಿದ್ದ. "ಹಿಂಡಿ ಖಾರಿತ್ತೋ, ಸಪ್ಪಗಿತ್ತೋ? ಅಷ್ಟರ ಹೇಳೋ ಪೂಜಾರಿ!" ಎಂದು ನಕ್ಕ.

"ನಾ ಬ್ಯಾರೆ ಕೂಡತಿದ್ದೆ, ಆತ ಬ್ಯಾರೆ," ಎಂದ ಮಾಳಪ್ಪ.

"ಅದಿರಲಿ ತಮ್ಮಾ. ಕೊನಿಗೆ ಏನಂದ್ರು, ಅದೊಂದು ಹೇಳು," ಎಂದೆ ನಾನು.

ಅವನು ತಾಯಿಯನ್ನು ನೋಡಿದ, ಬೇಲಿಯ ಕಡೆ ನೋಡಿದ. "ನಾ ಹತ್ತರ ಇರಲಿಲ್ಲ ಅಕ್ಕಾ. ಕಂಬಳಿ ಅಲ್ಲೇ ಬಿದ್ದಿತ್ತು, ಯಾರೋ ಹೊಚ್ಚ್ಯಾರ."

ಉಣ್ಣುವಾಗ ದೂರ ಕೂತೆ ಎಂದವನು ಸಾಯುವಾಗ ತಲೆ ಹಿಡಿದಿದ್ದೆ ಎನ್ನುವುದು ಹೇಗೆ? ಆ ಸುಳ್ಳಿಗೆ ಈ ಸುಳ್ಳು ಬೇಕಾಯಿತು. ನಾನು ಕಟ್ಟೆಯ ಮೇಲೆ ತೆಗೆದಿಟ್ಟ ಕಂಬಳಿಯನ್ನು ಮುದುಕಿ ಕೋಲಿನಿಂದ ಎತ್ತಿ ಬೇಲಿಯ ಮೇಲೆ ಹಾಕಿದಳು. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ. ಮಾಳಪ್ಪ ರಸ್ತೆಯವರೆಗೂ ಬರಲಿಲ್ಲ.

ಸಂಜೆ ಜಹೀರಾಬಾದಿನ ನಿಲ್ದಾಣದಲ್ಲಿ ನಮ್ಮೂರಿನ ದುರ್ಗಮ್ಮ ಸಿಕ್ಕಳು. ದವಾಖಾನೆಗೆ ಬಂದಿದ್ದಳಂತೆ. ಮಾದಿಗರ ಓಣಿಯವಳು. ಅವರ ಓಣಿಗೂ ನಮ್ಮ ಓಣಿಗೂ ನಡುವೆ ಒಂದು ಬೋರು ಅಷ್ಟೇ. ಕೆರೆ ಕೆಲಸದಲ್ಲಿ ಇಬ್ಬರೂ ಒಂದೇ ಗುಂಪಿನಲ್ಲಿ ಮಣ್ಣು ಹೊತ್ತವರು. ನಾನು ಎಲ್ಲಿಗೆ, ಯಾಕೆ ಹೋಗಿದ್ದೆನೆಂದು ಅವಳಿಗೆ ಗೊತ್ತಿತ್ತು.

"ಏನಂದ್ರಂತ ಅಕ್ಕಾ, ಅಣ್ಣ ಕೊನಿಗೆ?"

"ಹತ್ತರ ಯಾರೂ ಇರಲಿಲ್ಲಂತ."

ದುರ್ಗಮ್ಮ ನನ್ನ ಮುಖ ನೋಡಿದಳು. ಚೀಲದಿಂದ ನೀರಿನ ಬಾಟಲಿ ತೆಗೆದು ನನ್ನತ್ತ ಹಿಡಿದಳು. ನಾನು ಕೈ ಚಾಚುವ ಮೊದಲೇ ಹೇಳಿದಳು: "ಅಂಗಡಿದದ ಅಕ್ಕಾ, ಈಗ ತಗೊಂಡೀನಿ. ಇನ್ನಾ ಮುಚ್ಚಳ ಸೈತ ತೆಗದಿಲ್ಲ. ನಮ್ಮನಿದಲ್ಲ."

ಇಪ್ಪತ್ತು ವರ್ಷದಲ್ಲಿ ಅವಳಿಗೆ ನಾನು ಒಂದು ಕೆಟ್ಟ ಮಾತು ಆಡಿಲ್ಲ. ಅವಳ ಮನೆಯಲ್ಲಿ ಒಂದು ಗುಟುಕು ನೀರೂ ಕುಡಿದಿಲ್ಲ. ನಿಮ್ಮ ಮನೆಯದಾದರೂ ಕುಡಿಯುತ್ತೇನೆ ಎನ್ನಬೇಕೆಂದರೆ ಬಾಯಿ ಬರಲಿಲ್ಲ. ಮುಚ್ಚಳ ತಿರುಗಿಸಿ ಕುಡಿದೆ. ಅರ್ಧ ಉಳಿಯಿತು. ನನ್ನ ಬಾಯಿ ತಾಗಿದ ಆ ಬಾಟಲಿಯನ್ನು ದುರ್ಗಮ್ಮ ಒರೆಸದೆ ಎತ್ತಿ ಕುಡಿದಳು.