ಕಾಕಾ ಹೊತ್ತ ಮಾಳಿಗೆ

ಹಲ್ಲಿ ಓಡಾಡಿ ಚೂರು ಸುಣ್ಣ ಉದುರಿದರೂ ನಾನು ಇಂದಿಗೂ ಊಟದ ತಟ್ಟೆ ಹಿಡಿದುಕೊಂಡೇ ಹೊರಗೆ ಓಡುತ್ತೇನೆ. ಇದು ಸಿಮೆಂಟಿನ ಮನೆ ಎಂದು ಹೆಂಡತಿ ನೆನಪಿಸುವಷ್ಟರಲ್ಲಿ ಅಂಗಳ ಸೇರಿರುತ್ತೇನೆ.

ಬಳ್ಳಾರಿ ಮೈಸೂರಿಗೂ ನಮ್ಮ ಆದವಾನಿ ಆಂಧ್ರಕ್ಕೂ ಸೇರಿದ ಹೊಸದು. ಬಳ್ಳಾರಿಯಲ್ಲಿ ಬಿ.ಎ. ಓದುತ್ತಿದ್ದ ನಾನು ಬೇಸಿಗೆ ರಜೆಗೆ ಮನೆಗೆ ಬಂದಿದ್ದೆ. ನಮ್ಮದು ಮಣ್ಣಿನ ಮಾಳಿಗೆ. ಸೋರದಿರಲೆಂದು ಮಳೆಗಾಲಕ್ಕೆ ಮುಂಚೆ ಪ್ರತಿವರ್ಷವೂ ಅದರ ಮೇಲೆ ಸವಳುಮಣ್ಣು ಹರಡುತ್ತಿದ್ದೆವು. ಹಳೆಯದನ್ನು ತೆಗೆಯುವ ಮಾತೇ ಇರಲಿಲ್ಲ. ಆ ಬೆಳಿಗ್ಗೆಯೂ ಕಾಕಾ, ಅಂದರೆ ಅಪ್ಪನ ತಮ್ಮ, ಮಣ್ಣು ಹರಡಿಸಿ ಇಳಿದು ಬಂದ. ಅದೇ ಹುರುಪಿನಲ್ಲಿ ಅಜ್ಜಿಯ ಸಾಮಾನಿನ ಕೋಣೆ ಖಾಲಿ ಮಾಡಲು ನಿಂತ.

ಅಂಚು ಹರಿದ ಬುಟ್ಟಿ, ಬಟ್ಟೆಯಿಲ್ಲದ ಛತ್ರಿ, ಜೊತೆಯಿಲ್ಲದ ಚಪ್ಪಲಿ. ಯಾವುದನ್ನು ಎತ್ತಿದರೂ ಅಜ್ಜಿಯದು ಒಂದೇ ಮಾತು: "ಅದನ್ನ ಮುಟ್ಟಬ್ಯಾಡಪಾ, ಬೇಕಾಗತೈತಿ."

"ಒಂದು ಚಪ್ಪಲಿ ಯಾರಿಗೆ ಬೇಕಾಗತೈತೆವ್ವಾ?"

"ಕುಂಟಗ."

ಮೂಲೆಯಲ್ಲಿ ಒಡೆದ ಒರಳುಕಲ್ಲು ಬೋರಲಾಗಿತ್ತು. ಅದರ ಮೇಲೆ ನೆಟ್ಟಗೆ ನಿಲ್ಲಿಸಿದ ಬೇವಿನ ಕೊರಡು, ಕೊರಡಿನ ಮೇಲೆ ಮಡಚಿದ ಗೋಣಿಚೀಲ. "ಅದನ್ನ ಮುಟ್ಟಬ್ಯಾಡ" ಎಂದು ಅಜ್ಜಿ ಅದಕ್ಕೂ ಅಂದಳು. ಚಪ್ಪಲಿಗೆ ಅಂದ ಹಾಗೆಯೇ ಅಂದಳು. ಕಾಕಾ ಕೊರಡನ್ನು ಒದ್ದ.

ತೊಲೆ ಕರ್ರೆಂದು ಗೇಣುದ್ದ ಕೆಳಗಿಳಿಯಿತು. ಆ ಒರಳು, ಕೊರಡು, ಚೀಲ ಅಜ್ಜ ಯಾವಾಗಲೋ ತೊಲೆಗೆ ಕೊಟ್ಟಿದ್ದ ಆಸರೆ. ಮಣ್ಣು ಧಾರೆಯಾಗಿ ಸುರಿಯತೊಡಗಿತು. ಕಾಕಾ ಎರಡೂ ಕೈ ಎತ್ತಿ ತೊಲೆಯನ್ನು ಹಿಡಿದು ನಿಂತ. ನಾನು ಹೊಸ್ತಿಲಲ್ಲೇ ನಿಂತಿದ್ದೆ. ಆ ಕರ್ರೆನ್ನುವ ಸದ್ದು ಈಗಲೂ ಕಿವಿಯಲ್ಲಿದೆ.

"ಕಾಕಾ, ಬಿಟ್ಟು ಓಡಿ ಬಾ."

"ಬಿಟ್ರ ಮನಿ ಬೀಳತೈತಲೇ. ಹಮಾಲರನ್ನ ಕರಿ."

ಎದುರಿನ ಹತ್ತಿ ಅಂಗಡಿಗೆ ಓಡಿದೆ. ಹಮಾಲರು ಗಾಡಿಯ ಮುಂದಿನ ಉದ್ದನೆಯ ಮೂಕಿಮರ ಬಿಚ್ಚಿಕೊಂಡು ಬರುವಷ್ಟರಲ್ಲಿ ಅಜ್ಜಿ ತೊಲೆಯ ಕೆಳಗೇ ಇದ್ದಳು. ಅಂಗಳಕ್ಕೆ ಎಸೆದಿದ್ದ ಬುಟ್ಟಿಯನ್ನು ತಂದು ಮಗನ ತಲೆಗೆ ಬೋರಲು ಹಾಕುತ್ತಿದ್ದಳು.

"ಅವ್ವಾ, ನೀ ಹೊರಗ ಹೋಗವ್ವಾ."

"ಕಣ್ಣಾಗ ಮಣ್ಣು ಬೀಳತೈತಿ, ಸುಮ್ಕಿರು. ಬೇಕಾಗತೈತಿ ಅಂದಿದ್ನಿಲ್ಲೋ?"

ಮುಂದಿದ್ದ ಹಮಾಲ ಬುಟ್ಟಿಯೊಳಗೆ ಬಗ್ಗಿ ನೋಡಿ, ತೆಲುಗು ಬೆರೆಸಿ ಕೇಳಿದ: "ಏಂದಿ ಸ್ವಾಮಿ, ಮನೀನ ತಲಿ ಮ್ಯಾಲೆ ಹೊತ್ಕೊಂಡು ಎಲ್ಲಿಗಿ ಹೊಂಟೀರಿ?"

ಮೂಕಿಮರ ಕೊಟ್ಟು ತೊಲೆ ಎತ್ತಿದರು. ಬಿಡಿ ಎಂದರೂ ಕಾಕಾ ಬಿಡಲಿಲ್ಲ. ಇಬ್ಬರು ಸೊಂಟ ಹಿಡಿದು ಅವನನ್ನು ಹೊರಗೆಳೆದರು. ಅಂಗಳದಲ್ಲೂ ಕೈ ಎತ್ತಿಕೊಂಡೇ ನಿಂತಿದ್ದ. ಅಜ್ಜಿ ಒಂದೊಂದಾಗಿ ಇಳಿಸಿ, ಅವನ ಕೈಗೆ ನೀರಿನ ಚೊಂಬು ಕೊಟ್ಟಳು. ಅವನು ಕುಡಿದು ಮುಗಿಸುವವರೆಗೂ ಆಕೆ ಅವನ ಬೆನ್ನ ಮೇಲಿನ ಮಣ್ಣು ಒರೆಸುತ್ತಲೇ ಇದ್ದಳು.

ಮರುದಿನ ಮಾಳಿಗೆಯ ಹಳೆ ಮಣ್ಣನ್ನೆಲ್ಲ ಕೆರೆದು ಕೆಳಗೆ ಹಾಕಿಸಿದೆವು. ಅಂಗಳದಲ್ಲಿ ಗುಡ್ಡವೇ ಆಯಿತು. ಕಾಕಾ ಅದನ್ನು ಸಾಗಿಸಲು ಬಂಡಿ ಕರೆಸಿದ.

ಅಜ್ಜಿ ಗುಡ್ಡದ ಮುಂದೆ ಕುಳಿತು ಒಂದು ಹಿಡಿ ಮಣ್ಣು ಎತ್ತಿ ನೋಡಿದಳು. ಕಾಕಾ ಅವಳ ಬಾಯನ್ನೇ ನೋಡುತ್ತ ನಿಂತ. ಆಮೇಲೆ, ಅವಳು ಏನಾದರೂ ಹೇಳುವ ಮೊದಲೇ, ಬಂಡಿಯವನನ್ನು ವಾಪಸ್ ಕಳಿಸಿದ.